ಜಕ್ಕೂರಿನ ನೀರು, ಡ್ರೆಸ್ಡೆನ್ನಿನ ಅರ್ಜಿ

ಯಲಹಂಕ ಉಪನಗರದ ಒಂದು ಹಳೆಯ ಮನೆಯ ಮೊಗಸಾಲೆಯಲ್ಲಿ ಮೂವರು ಕುಳಿತು ಆಡಿದ ಮಾತುಗಳಿವು. ಸಿವಿಲ್ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿ ಓದುತ್ತಿರುವ ಮಗಳು, ಆಕೆಯ ತಂದೆ, ಮತ್ತು ಬಹುಕಾಲ ಜಲಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ನೆರೆಮನೆಯ ಹಿರಿಯರು. ಮಗಳು ಜರ್ಮನಿಯ ವಿಶ್ವವಿದ್ಯಾನಿಲಯಗಳಿಗೆ ಕಳುಹಿಸಬೇಕೆಂದಿದ್ದ ಬರಹವನ್ನು ಹಿರಿಯರಿಗೆ ಓದಲು ಕೊಟ್ಟಿದ್ದಳು.

ಹಿರಿಯರು: ನೀನು ಕೊಟ್ಟುಹೋದ ಎರಡು ಪುಟಗಳನ್ನು ನಿನ್ನೆ ರಾತ್ರಿ ಓದಿದೆ, ಬೆಳಗ್ಗೆ ಎದ್ದು ಮತ್ತೊಮ್ಮೆ ಓದಿದೆ. ಇಂಗ್ಲಿಷಿನಲ್ಲಿ ತಪ್ಪಿಲ್ಲ. ಆದರೆ ಚಿಕ್ಕಂದಿನಿಂದಲೂ ನಿನಗೆ ನೀರಿನ ವಿಷಯದಲ್ಲಿ ಅದಮ್ಯವಾದ ಕುತೂಹಲವಿತ್ತೆಂದೂ, ಆ ಕುತೂಹಲವನ್ನು ವಿಶ್ವಮಾನ್ಯರಾದ ಪ್ರಾಧ್ಯಾಪಕರ ಸನ್ನಿಧಿಯಲ್ಲಿ ಪೋಷಿಸಿಕೊಳ್ಳುವುದೇ ನಿನ್ನ ಜೀವಿತದ ಗುರಿಯೆಂದೂ ಇದರಲ್ಲಿ ಹೇಳಿರುವುದನ್ನೆಲ್ಲ, ನೀರು ಇದ್ದ ಕಡೆ ಉಕ್ಕನ್ನೋ ಔಷಧವನ್ನೋ ಇಟ್ಟುಬಿಟ್ಟರೆ, ಯಾವ ವಿದ್ಯಾರ್ಥಿ ಬೇಕಾದರೂ ಯಾವ ದೇಶಕ್ಕೆ ಬೇಕಾದರೂ ಕಳುಹಿಸಬಹುದಲ್ಲವೆ? ಇದನ್ನು ನೀನು ಬರೆದೆಯೆಂದು ನನಗೆ ನಂಬಿಕೆ ಬರಲಿಲ್ಲ.

ವಿದ್ಯಾರ್ಥಿನಿ: ಬರೆದವಳು ನಾನಲ್ಲ. ಆರ್.ಟಿ. ನಗರದ ಒಂದು ಕನ್ಸಲ್ಟೆನ್ಸಿಯವರು ಬರೆದುಕೊಟ್ಟರು. ನನ್ನ ಅಂಕಗಳನ್ನೂ ಪ್ರಾಜೆಕ್ಟಿನ ಹೆಸರನ್ನೂ ಕೇಳಿದರು. ವಾರ ಕಳೆಯುವುದರೊಳಗಾಗಿ ಎಸ್‌ಒಪಿ, ಅಂದರೆ ಈ ಉದ್ದೇಶಪತ್ರ, ಸಿದ್ಧವಾಗಿತ್ತು. ನನ್ನ ತರಗತಿಯ ಬಹುಮಂದಿ ಹೀಗೆಯೇ ಮಾಡಿಸಿದ್ದಾರೆ.

ತಂದೆ: ಅದರಲ್ಲಿ ತಪ್ಪೇನು ಸ್ವಾಮಿ? ನಮಗೆ ಗೊತ್ತಿಲ್ಲದ ಕೆಲಸವನ್ನು ಗೊತ್ತಿದ್ದವರಿಂದ ಮಾಡಿಸಿಕೊಳ್ಳುವುದು ಲೋಕರೂಢಿ. 2023–24ರಲ್ಲಿ ಅಮೆರಿಕ ಒಂದರಲ್ಲಿಯೇ ಓದುತ್ತಿದ್ದ ಭಾರತೀಯರು 3,31,602 ಮಂದಿಯಂತೆ. ಚೀನಾದವರನ್ನೂ ಮೀರಿದ ಸಂಖ್ಯೆ. ಅವರೆಲ್ಲರೂ ತಮ್ಮ ಕೈಯಾರೆ ಬರೆದುಕೊಂಡು ಹೋದವರೆ?

ಹಿರಿಯರು: ಎಲ್ಲರ ವಿಷಯ ನಾನು ಹೇಳಲಾರೆ. ಆದರೆ ಈ ಅರ್ಜಿಯ ಕಟ್ಟಿನಲ್ಲಿ ಏನೇನಿದೆಯೆಂಬುದನ್ನು ಸಾವಧಾನವಾಗಿ ನೋಡೋಣ. ಅಂಕಪಟ್ಟಿಯನ್ನೂ ಟ್ರಾನ್ಸ್‌ಕ್ರಿಪ್ಟನ್ನೂ ಕೊಡುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ. ಐಇಎಲ್‌ಟಿಎಸ್ ಅಂಕವನ್ನು ಕೊಡುವವರು ಪರೀಕ್ಷೆ ನಡೆಸುವವರು. ಶಿಫಾರಸು ಪತ್ರ ಅಧ್ಯಾಪಕರದು. ಪದವಿಯ ದಾಖಲೆಗಳು ನಿಜವಾದವೆಂದು ದೃಢಪಡಿಸುವುದು ದೆಹಲಿಯ ಎಪಿಎಸ್. 2022ರ ನವೆಂಬರ್ 1ರಿಂದ ಜರ್ಮನಿಗೆ ಓದಲು ಹೋಗುವ ಭಾರತೀಯರಿಗೆ ಆ ಪ್ರಮಾಣಪತ್ರವಿಲ್ಲದೆ ವೀಸಾದ ಮಾತೇ ಇಲ್ಲ. ಹೀಗೆ ಒಂದೊಂದು ಕಾಗದವೂ ಪರರ ಸಾಕ್ಷ್ಯವಾಗಿರುವಾಗ, ಅರ್ಜಿದಾರಳು ತನ್ನ ಬಾಯಿಂದ ತಾನೇ ಮಾತನಾಡುವ ಸ್ಥಳ ಈ ಎರಡು ಪುಟ ಮಾತ್ರ. ಅದನ್ನೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಮೇಲೆ ಆಕೆ ಅಲ್ಲಿ ಎಲ್ಲಿದ್ದಾಳೆ?

ವಿದ್ಯಾರ್ಥಿನಿ: ನನಗೂ ಅದು ಒಗ್ಗಲಿಲ್ಲ. ಆದರೆ ನಾನೇ ಬರೆಯಲು ಕುಳಿತಾಗ ಏನನ್ನು ಬರೆಯಬೇಕೆಂಬುದೇ ತೋರಲಿಲ್ಲ. ನನ್ನ ಸಿಜಿಪಿಎ 8.2. ಜರ್ಮನರ ಪದ್ಧತಿಯಲ್ಲಿ 1 ಎಂಬುದು ಶ್ರೇಷ್ಠ, 4 ಎಂಬುದು ಕೇವಲ ಉತ್ತೀರ್ಣ. ಗರಿಷ್ಠ ಅಂಕದಿಂದ ನಮ್ಮ ಅಂಕವನ್ನು ಕಳೆದು, ಅದನ್ನು ಗರಿಷ್ಠ ಕನಿಷ್ಠಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ತೇರ್ಗಡೆಯ ಅಂಕ 4 ಎಂದು ಹಿಡಿದರೆ ನನ್ನದು 1.9 ಆಗುತ್ತದೆ, 5 ಎಂದು ಹಿಡಿದರೆ 2.1. ಆ ದಶಾಂಶದ ಚಿಂತೆಯಲ್ಲಿ ರಾತ್ರಿಗಳನ್ನು ಕಳೆದಿದ್ದೇನೆಯೇ ಹೊರತು, ನಾನು ಅಲ್ಲಿಗೆ ಹೋಗಿ ಏನು ಕಲಿಯಬೇಕೆಂಬುದನ್ನು ಒಂದು ಗಂಟೆಯಾದರೂ ಕುಳಿತು ಯೋಚಿಸಿದ್ದಿಲ್ಲ.

ಹಿರಿಯರು: ಈಗ ಯೋಚಿಸೋಣ. ನಿನ್ನ ಪ್ರಾಜೆಕ್ಟು ಯಾವುದರ ಮೇಲೆ?

ವಿದ್ಯಾರ್ಥಿನಿ: ಜಕ್ಕೂರು ಕೆರೆಯ ಮೇಲೆ. ಕೆರೆಯ ತಲೆಗಟ್ಟಿನಲ್ಲಿ ಒಳಚರಂಡಿ ನೀರನ್ನು ಶುದ್ಧೀಕರಿಸುವ ಸ್ಥಾವರವಿದೆ, ದಿನಕ್ಕೆ ಒಂದು ಕೋಟಿ ಲೀಟರಿನ ಸಾಮರ್ಥ್ಯದಿಂದ ಆರಂಭವಾದದ್ದು. ಅಲ್ಲಿಂದ ಹೊರಬಿದ್ದ ನೀರು ನೆಟ್ಟಗೆ ಕೆರೆಗೆ ಇಳಿಯುವುದಿಲ್ಲ. ಜೊಂಡು ಬೆಳೆದ ಜೌಗಿನ ಮೂಲಕ ಮೆಲ್ಲಗೆ ಹಾದು ಆಮೇಲೆ ಕೆರೆಯನ್ನು ಸೇರುತ್ತದೆ. ಕೆರೆ ತುಂಬಿದರೆ ಕೋಡಿಬಿದ್ದು ರಾಚೇನಹಳ್ಳಿಯ ಕಡೆಗೆ ಹರಿಯುತ್ತದೆ. ಸ್ಥಾವರದ ಬಾಯಲ್ಲೊಂದು, ಜೌಗಿನ ಕೊನೆಯಲ್ಲೊಂದು, ಕೋಡಿಯ ಬಳಿಯೊಂದು ಬಾಟಲಿ ನೀರು ತುಂಬಿಕೊಂಡು ಕಾಲೇಜಿನ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದೆವು.

ಹಿರಿಯರು: ಕಂಡದ್ದೇನು?

ವಿದ್ಯಾರ್ಥಿನಿ: ಸ್ಥಾವರದಿಂದ ಹೊರಬಂದ ನೀರು ನೋಡಲು ತಿಳಿಯಾಗಿರುತ್ತದೆ, ಕೊಳೆಯುವ ಪದಾರ್ಥ ಬಹಳಮಟ್ಟಿಗೆ ಕಳೆದಿರುತ್ತದೆ. ಆದರೆ ನೈಟ್ರೇಟು ಫಾಸ್ಫೇಟುಗಳು ಉಳಿದೇ ಇರುತ್ತವೆ. ಜೌಗಿನಲ್ಲಿ ಅವು ಸ್ವಲ್ಪ ತಗ್ಗುತ್ತವೆ. ಜೊಂಡು ಒತ್ತಾಗಿ ಬೆಳೆದು ಸಕಾಲದಲ್ಲಿ ಕೊಯ್ಯದೆ ಬಿಟ್ಟ ಕಡೆ ಅದು ಅಲ್ಲಿಯೇ ಕೊಳೆತು, ಹೀರಿಕೊಂಡದ್ದನ್ನು ನೀರಿಗೆ ಹಿಂದಿರುಗಿಸುತ್ತದೆಯೋ ಏನೋ ಎಂಬ ಸಂಶಯ ಬಂದಿತು. ಒಂದು ದಿನ ಬೆಳಗ್ಗೆ ಹರಿಗೋಲಿನಿಂದ ಬಲೆ ಎಳೆಯುತ್ತಿದ್ದ ಬೆಸ್ತರೊಬ್ಬರು, ಜೊಂಡು ಕೊಯ್ದ ವರ್ಷ ಮೀನು ಚೆನ್ನಾಗಿರುತ್ತದೆ, ಕೊಯ್ಯದ ವರ್ಷ ಬೇಸಿಗೆಯಲ್ಲಿ ತೇಲಿಬಿಡುತ್ತದೆ ಎಂದು ಹೇಳಿದರು. ಅದನ್ನು ಅಳೆದು ನೋಡುವಷ್ಟು ಕಾಲ ನಮಗಿರಲಿಲ್ಲ. ಸಲಕರಣೆಯೂ ಇರಲಿಲ್ಲ.

ಹಿರಿಯರು: ಎರಡು ಪುಟದಲ್ಲಿ ಇರಬೇಕಾಗಿದ್ದುದು ಇದು. ಜೊಂಡನ್ನು ಎಷ್ಟು ಕಾಲಕ್ಕೊಮ್ಮೆ ಕೊಯ್ದರೆ ಫಾಸ್ಫರಸ್ಸು ನೀರಿನಿಂದ ನಿಜವಾಗಿ ಹೊರಹೋಗುತ್ತದೆ, ನಮ್ಮ ಬಿಸಿಲಿನಲ್ಲಿ ಅದರ ಲೆಕ್ಕ ಶೀತದೇಶದ ಲೆಕ್ಕಕ್ಕಿಂತ ಹೇಗೆ ಬೇರೆಯಾಗುತ್ತದೆ ಎಂಬ ಪ್ರಶ್ನೆ ಒಂದು ಕೆರೆಗೆ ಸೀಮಿತವಾದುದಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ದಿನವೊಂದಕ್ಕೆ 21 ಕೋಟಿ ಲೀಟರು ಸಂಸ್ಕರಿತ ನೀರನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆಯ 65 ಕೆರೆಗಳಿಗೆ ತುಂಬಿಸುವ ಉದ್ದೇಶವಿದೆ. ಬತ್ತಿದ ಕೆರೆಗೆ ನೀರು ಬಂದು ಕೊಳವೆಬಾವಿಯ ಮಟ್ಟ ಏರಿದುದನ್ನು ಕಂಡು ಸಂತೋಷಪಟ್ಟ ರೈತರೇ, ಎರಡನೆಯ ಹಂತಕ್ಕೆ ನಿಲ್ಲಿಸಬೇಡಿ, ಮೂರನೆಯ ಹಂತದ ಶುದ್ಧೀಕರಣವೂ ಬೇಕು ಎಂದು ಕೇಳುತ್ತಲೂ ಬಂದಿದ್ದಾರೆ. ನೀನು ಕೇಳುತ್ತಿರುವುದು ಅವರ ಪ್ರಶ್ನೆಯನ್ನೇ. ಅದಕ್ಕೆ ಉತ್ತರ ಹುಡುಕುವ ವಿಧಾನ ಇಲ್ಲಿ ದೊರೆಯದಿದ್ದರೆ ಹೊರಗೆ ಹೋಗುವುದು ನ್ಯಾಯ. ದೊರೆಯುವುದಾದರೆ ಹೋಗಲೇಬೇಕೆಂದೇನೂ ಇಲ್ಲ. ಹೋಗುವ ಮುನ್ನ ಇದನ್ನು ನೀನು ನಿಶ್ಚಯಮಾಡಿಕೊಳ್ಳಬೇಕು.

ತಂದೆ: ಪ್ರಶ್ನೆ ಇಲ್ಲಿಯದಾದರೆ ಉತ್ತರಕ್ಕಾಗಿ ಸಮುದ್ರ ದಾಟುವುದೇಕೆಂದು ನಾನೂ ಕೇಳುತ್ತಿದ್ದೇನೆ.

ಹಿರಿಯರು: ಅಡಕೆಯ ತೋಟದವರನ್ನು ನೆನೆಯಿರಿ. ಕೊಳೆರೋಗ ಬಂದು ಮಳೆಗಾಲದಲ್ಲಿ ಎಳೆಯ ಕಾಯಿ ಉದುರಿಹೋಗುತ್ತಿದ್ದಾಗ, ಮಲೆನಾಡಿನವರು ತಲೆತಲಾಂತರದಿಂದ ಗೊನೆಗಳಿಗೆ ಕೊಟ್ಟೆ ಕಟ್ಟಿ ನೀರು ಬೀಳದಂತೆ ಮರೆಮಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಆ ರೋಗದ ಮೂಲವಾದ ಶಿಲೀಂಧ್ರವನ್ನು ತೋಟಗಳಲ್ಲಿಯೇ ನಿಂತು ಅಭ್ಯಾಸಮಾಡಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಅಡಕೆಯ ಗೊನೆಗೆ ಹೊಂದಿಸಿದನು. ಇಂದಿಗೂ ಮಳೆಗೆ ಮುನ್ನ ಅದನ್ನು ಸಿಂಪಡಿಸದ ತೋಟ ವಿರಳ. ಆತ ಕೃಷಿ ಇಲಾಖೆಯ ನಿರ್ದೇಶಕನಾದುದೂ ನಮ್ಮ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ಆರಂಭವಾದುದೂ 1913ರಲ್ಲಿ. ರೋಗ ಸಾಗರ ತೀರ್ಥಹಳ್ಳಿಗಳದು, ಮದ್ದು ಫ್ರಾನ್ಸಿನದು, ಎರಡನ್ನೂ ಬಲ್ಲ ಒಬ್ಬ ಮನುಷ್ಯ ನಡುವೆ ಇಲ್ಲದಿದ್ದರೆ ಅವು ಒಂದನ್ನೊಂದು ಸೇರುತ್ತಿರಲಿಲ್ಲ. ಅಂದು ಆ ಮನುಷ್ಯ ಹೊರಗಿನಿಂದ ಬರಬೇಕಾಗಿದ್ದಿತು. ಇಂದು ನಿಮ್ಮ ಮಗಳು ಇಲ್ಲಿಂದ ಹೋಗಿಬರಬಲ್ಲಳು.

ತಂದೆ: ಹೋಗಿಬರುವವಳಾದರೆ ಸರಿ. ಹೋದವರೆಲ್ಲ ಬರುತ್ತಾರೆಯೆ?

ತಂದೆಯ ಈ ಮಾತಿನಲ್ಲಿ ಆಕ್ಷೇಪಣೆಗಿಂತ ಹೆಚ್ಚಾಗಿ ಭಯವಿದ್ದಿತು. ದೇವನಹಳ್ಳಿಯ ವಿಮಾನನಿಲ್ದಾಣ 2008ರಲ್ಲಿ ತೆರೆದಂದಿನಿಂದ ಈ ಯಲಹಂಕದ ಹೆದ್ದಾರಿಯಲ್ಲಿ ಮಕ್ಕಳನ್ನು ಕಳುಹಿಸಿಕೊಟ್ಟು ಬರಿಗೈಯಲ್ಲಿ ಹಿಂದಿರುಗಿದ ಎಷ್ಟೋ ಮಂದಿ ತಾಯಿತಂದೆಗಳನ್ನು ಅವರು ಕಂಡಿದ್ದರು. ಆ ಭಯವನ್ನು ಕಿರಿದೆಂದು ಎಣಿಸುವುದು ಉಚಿತವಲ್ಲ. ಹಿರಿಯರೂ ಹಾಗೆ ಎಣಿಸಲಿಲ್ಲ.

ಹಿರಿಯರು: ಬರುತ್ತಾರೆಂದು ನಾನು ವಚನ ಕೊಡಲಾರೆ. ಓದು ಮುಗಿದ ಮೇಲೆ ಕೆಲಸ ಹುಡುಕಿಕೊಳ್ಳಲು ಜರ್ಮನಿ 18 ತಿಂಗಳ ಅವಕಾಶವನ್ನು ಕೊಡುತ್ತದೆ; ಆ ಅವಕಾಶವನ್ನು ಬಳಸಿಕೊಂಡವಳನ್ನು ದ್ರೋಹಿಯೆಂದು ನಾನು ಕರೆಯುವುದೂ ಇಲ್ಲ. ಆದರೆ ಹಿಂದಿರುಗಿದವರ ಒಂದು ಕಥೆಯನ್ನು ಹೇಳಬಲ್ಲೆ. ಇದು ನಡೆದದ್ದು ಇಲ್ಲಿಯೇ, ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ವಿದ್ಯಾರ್ಥಿನಿ: ರಾಜೇಶ್ವರಿ ಚಟರ್ಜಿಯವರದೆ?

ಹಿರಿಯರು: ಅವರದೇ. 1922ರಲ್ಲಿ ಜನಿಸಿದರು, ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, 1943ರಲ್ಲಿ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ದೊರೆತು, ದೇಶ ಸ್ವತಂತ್ರವಾಗುವ ಆ ಸಂಧಿಕಾಲದಲ್ಲಿ, ಸುಮಾರು ಒಂದು ತಿಂಗಳ ಹಡಗಿನ ಪ್ರಯಾಣ ಮಾಡಿ ಅಮೆರಿಕವನ್ನು ಸೇರಿ, ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆ ಮೇಲೆ ಸರ್ಕಾರದೊಡನೆ ಮಾಡಿಕೊಂಡಿದ್ದ ಒಪ್ಪಂದದಂತೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕಗಳ ಕೇಂದ್ರದಲ್ಲಿ ಎಂಟು ತಿಂಗಳ ಕಾಲ ರೇಡಿಯೋ ತರಂಗಗಳ ಮಾಪನವನ್ನು ಕಲಿತು, ಮತ್ತೆ ಮಿಷಿಗನ್ನಿಗೆ ಹೋಗಿ, 1953ರಲ್ಲಿ ಡಾಕ್ಟರೇಟು ಗಳಿಸಿ, ಹೊರಟ ಸಂಸ್ಥೆಗೇ ಅಧ್ಯಾಪಕಿಯಾಗಿ ಬಂದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಸೇರಿ ಮೈಕ್ರೋವೇವ್ ಎಂಜಿನಿಯರಿಂಗಿನಲ್ಲಿ ಸಂಶೋಧನೆಯನ್ನು ಬೆಳೆಸಿದರು. ಅಲ್ಲಿ ಕಲಿತದ್ದು ಇಲ್ಲಿ ಒಂದು ಪಾಠವಾಯಿತು, ಪ್ರಯೋಗಶಾಲೆಯಾಯಿತು, ಶಿಷ್ಯರ ಸಾಲಾಯಿತು.

ತಂದೆ: ಅವರನ್ನು ಕಳುಹಿಸಿದ್ದು ಸರ್ಕಾರ. ಇವಳನ್ನು ಕಳುಹಿಸಬೇಕಾದವನು ನಾನು.

ಹಿರಿಯರು: ಆ ಭೇದ ನಿಜವಾದುದೇ. ಇನ್ನೊಂದು ಭೇದವನ್ನೂ ಹೇಳಿಬಿಡುತ್ತೇನೆ. ಅದೇ ಸಂಸ್ಥೆಯಲ್ಲಿ ರಾಮನ್ನರ ಬಳಿ ವಜ್ರ ಮಾಣಿಕ್ಯಗಳ ಬೆಳಕನ್ನು ಅಭ್ಯಾಸಮಾಡಿದ ಅನ್ನಾ ಮಣಿಯವರು ಪ್ರಬಂಧವನ್ನು ಬರೆದು ಮುಗಿಸಿದ್ದರೂ, ಎಂ.ಎಸ್ಸಿ. ಇಲ್ಲವೆಂಬ ಕಾರಣದಿಂದ ಮದ್ರಾಸು ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟು ಕೊಡಲಿಲ್ಲ. 1945ರಲ್ಲಿ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೊರಟರು. ಮನಸ್ಸಿದ್ದುದು ಭೌತವಿಜ್ಞಾನದಲ್ಲಿ, ದೊರೆತದ್ದು ಹವಾಮಾನ ಉಪಕರಣಗಳ ಶಿಕ್ಷಣ. ದೊರೆತದ್ದನ್ನೇ ಪೂರ್ಣವಾಗಿ ಕಲಿತು 1948ರಲ್ಲಿ ಹಿಂದಿರುಗಿ ಹವಾಮಾನ ಇಲಾಖೆಯನ್ನು ಸೇರಿ, ಪರದೇಶದಿಂದ ತರಿಸಿಕೊಳ್ಳಬೇಕಾಗಿದ್ದ ಉಪಕರಣಗಳನ್ನು ಈ ದೇಶದಲ್ಲಿಯೇ ತಯಾರಿಸುವ ವ್ಯವಸ್ಥೆಯನ್ನು ಕಟ್ಟಿದರು. ಡಾಕ್ಟರೇಟು ದೊರಕಿಸದ ಆ ಪ್ರಬಂಧ ಇಂದಿಗೂ ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಅಂದುಕೊಂಡದ್ದೇ ಅಲ್ಲಿ ದೊರೆಯುತ್ತದೆಂದು ನಂಬಿಕೊಂಡು ಹೋಗಬೇಡವೆಂಬುದಕ್ಕಾಗಿ ಇದನ್ನು ಹೇಳಿದೆ.

ವಿದ್ಯಾರ್ಥಿನಿ: ಹಣದ ಮಾತನ್ನು ತಂದೆಯವರೇ ಹೇಳಲಿ. ನಾನು ಹೇಳಿದರೆ ಹಗುರವಾಗಿ ಕಾಣುತ್ತದೆ.

ತಂದೆ: ಹೇಳುತ್ತೇನೆ. ಈ ಮನೆ ನನ್ನ ತಮ್ಮನೊಡನೆ ಪಾಲಿನಲ್ಲಿದೆ. ನನ್ನ ಸ್ವಂತದ್ದೆಂದರೆ ಕೋಗಿಲಿನ ಆಚೆ ರೆವಿನ್ಯೂ ಬಡಾವಣೆಯಲ್ಲಿ ಕೊಂಡ ಒಂದು ಸೈಟು. ಅದಕ್ಕೆ ಇರುವುದು ಬಿ ಖಾತೆ. ಏಳೂವರೆ ಲಕ್ಷದವರೆಗಾದರೆ ಸಾಮಾನ್ಯವಾಗಿ ಆಧಾರವಿಲ್ಲದೆ ಕೊಡುತ್ತಾರಂತೆ. ಅದರ ಮೇಲಾದರೆ ಸ್ಥಿರಾಸ್ತಿ ಬೇಕು. ಬ್ಯಾಂಕಿನವರು ಕಾಗದಪತ್ರಗಳನ್ನು ನೋಡಿ, ಎ ಖಾತೆ ಮಾಡಿಸಿಕೊಂಡು ಬನ್ನಿ ಎಂದರು. ಆಧಾರವಿಲ್ಲದೆ ಹೆಚ್ಚು ಕೊಡುವ ಖಾಸಗಿ ಸಂಸ್ಥೆಗಳಿವೆ, ಆದರೆ ಅವರ ಬಡ್ಡಿ ಬೇರೆ. ಓದುವ ಕಾಲದಲ್ಲಿ ಕಂತು ಕಟ್ಟಬೇಕಾಗಿಲ್ಲವೆಂದು ಎಲ್ಲರೂ ಸಮಾಧಾನ ಹೇಳುತ್ತಾರೆ; ಆ ಕಾಲದಲ್ಲಿಯೂ ಬಡ್ಡಿ ಬೆಳೆಯುತ್ತಿರುತ್ತದೆಂದು ಯಾರೂ ಹೇಳುವುದಿಲ್ಲ. ಇದರ ಮೇಲೆ ಜರ್ಮನಿಯವರಿಗೆ ಮೊದಲೇ 11,904 ಯೂರೋ ಕಟ್ಟಬೇಕಂತೆ, ಅಂದರೆ ಹನ್ನೆರಡು ಲಕ್ಷದ ಆಸುಪಾಸು. ಬೋಧನಶುಲ್ಕವಿಲ್ಲವೆಂದ ಮೇಲೆ ಇದು ಯಾವ ಶುಲ್ಕ?

ವಿದ್ಯಾರ್ಥಿನಿ: ಅದು ಶುಲ್ಕವಲ್ಲ, ಅಪ್ಪ. ಬ್ಲಾಕ್ಡ್ ಅಕೌಂಟಿನಲ್ಲಿ ನನ್ನ ಹೆಸರಿನಲ್ಲಿಯೇ ಇರುವ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನನಗೇ ಬರುತ್ತದೆ. ಮನೆ ಬಾಡಿಗೆಗೂ ಊಟಕ್ಕೂ ಅದರಲ್ಲಿಯೇ ಖರ್ಚು. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅನುಮತಿಯಿದೆ, ಆದರೆ ಆ ಸಂಪಾದನೆಯನ್ನು ನೆಚ್ಚಿಕೊಂಡು ಲೆಕ್ಕ ಹಾಕಬಾರದೆಂದು ಹೋದವರು ಹೇಳುತ್ತಾರೆ. ಬೋಧನಶುಲ್ಕದ ವಿಷಯ ರಾಜ್ಯರಾಜ್ಯಕ್ಕೆ ಬೇರೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್ ವ್ಯುರ್ಟೆಂಬರ್ಗಿನಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ. ಡ್ರೆಸ್ಡೆನ್ನಿನ ಜಲವಿಜ್ಞಾನದ ಸ್ನಾತಕೋತ್ತರಕ್ಕೆ ಅದಿಲ್ಲ.

ಹಿರಿಯರು: ಆ ಕನ್ಸಲ್ಟೆನ್ಸಿಯವರು ನಿನಗೆ ಡ್ರೆಸ್ಡೆನ್ನನ್ನು ಸೂಚಿಸಿದರೆ?

ವಿದ್ಯಾರ್ಥಿನಿ: ಇಲ್ಲ. ಬರ್ಲಿನ್ನಿನ ಯಾವುದೋ ಖಾಸಗಿ ವಿಶ್ವವಿದ್ಯಾನಿಲಯದಲ್ಲಿ ಆಡಳಿತ ನಿರ್ವಹಣೆಯನ್ನು ಓದಬಹುದೆಂದರು; ಅಲ್ಲಿ ಪ್ರವೇಶ ಖಚಿತವಂತೆ.

ಹಿರಿಯರು: ಇಂಥ ಮಧ್ಯವರ್ತಿಗಳಿಗೆ ವಿದ್ಯಾರ್ಥಿಯನ್ನು ಸೇರಿಸಿದುದಕ್ಕಾಗಿ ಹಣ ಕೊಡುವುದು ಸಾಮಾನ್ಯವಾಗಿ ಖಾಸಗಿಯವರು. ಸರ್ಕಾರಿ ವಿಶ್ವವಿದ್ಯಾನಿಲಯಗಳಿಂದ ಅವರಿಗೆ ಬರುವುದೇನೂ ಇಲ್ಲ. ನೀರಿನ ಪ್ರಶ್ನೆ ಹಿಡಿದುಕೊಂಡು ಹೋದ ಹುಡುಗಿಗೆ ಆಡಳಿತ ನಿರ್ವಹಣೆಯ ದಾರಿ ತೋರಿಸುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಹಣಕ್ಕಾಗಿ ಸಾಲವಲ್ಲದೆ ಬೇರೆ ದಾರಿಯೂ ಇದೆ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಇಪಿಒಎಸ್ ವಿದ್ಯಾರ್ಥಿವೇತನ ನಮ್ಮಂಥ ದೇಶಗಳವರಿಗಾಗಿಯೇ ಇರುವುದು. ಸ್ಟುಟ್‌ಗಾರ್ಟಿನ ಜಲಸಂಪನ್ಮೂಲ ಶಿಕ್ಷಣವೂ ಅದರ ಪಟ್ಟಿಯಲ್ಲಿದೆ. ಆದರೆ ಅದಕ್ಕೆ ಪದವಿಯಾದ ಮೇಲೆ ಕನಿಷ್ಠ ಎರಡು ವರ್ಷ ಕೆಲಸ ಮಾಡಿರಬೇಕು, ಪದವಿ ಬಂದು ಆರು ವರ್ಷ ಮೀರಿರಬಾರದು.

ವಿದ್ಯಾರ್ಥಿನಿ: ಎರಡು ವರ್ಷ! ಅಷ್ಟರೊಳಗೆ ನನ್ನ ಗೆಳತಿಯರೆಲ್ಲ ಓದಿ ಮುಗಿಸಿರುತ್ತಾರೆ.

ಹಿರಿಯರು: ಮುಗಿಸಿರಲಿ. ಎರಡು ಬೇಸಿಗೆ ಜಕ್ಕೂರಿನ ಜೊಂಡಿನ ಲೆಕ್ಕವನ್ನು ನೀನು ಇಟ್ಟಿರುತ್ತೀಯೆ. ಕೊಯ್ದ ಕಡೆಯ ನೀರೂ ಕೊಯ್ಯದ ಕಡೆಯ ನೀರೂ ನಿನ್ನ ಪುಸ್ತಕದಲ್ಲಿ ಅಂಕೆಗಳಾಗಿ ಇರುತ್ತವೆ. ಬೆಸ್ತರು ಹೇಳಿದ ಮಾತು ದಿಟವೋ ಅಲ್ಲವೋ ತಿಳಿದಿರುತ್ತದೆ. ಆಗ ಬರೆಯುವ ಎರಡು ಪುಟ ಬೇರೆಯದಾಗಿರುತ್ತದೆ. ಆದರೂ ಕಾಯಲೇಬೇಕೆಂದು ನಾನು ಹೇಳಲಾರೆ. ವಯಸ್ಸು ನಿನ್ನದು, ಹೆಂಗಸರ ವಿಷಯದಲ್ಲಿ ಎರಡು ವರ್ಷದೊಳಗೆ ಮನೆಯವರ ಮನಸ್ಸು ಎತ್ತ ತಿರುಗುತ್ತದೆಂಬುದನ್ನೂ ನಾನು ಬಲ್ಲೆ.

ತಂದೆ: ನನ್ನ ಮನಸ್ಸು ತಿರುಗುವುದಿಲ್ಲ. ಎರಡು ವರ್ಷವಾದರೆ ಖಾತೆಯ ವ್ಯವಹಾರವೂ ಇತ್ಯರ್ಥವಾದೀತು. ಮದುವೆಯ ಮಾತನ್ನು ಎತ್ತುವವನೂ ನಾನಲ್ಲ.

ವಿದ್ಯಾರ್ಥಿನಿ: ಅದನ್ನು ಇವರೆದುರಿಗೆ ಹೇಳಿದಿರಲ್ಲ, ಅಪ್ಪ, ಅಷ್ಟು ಸಾಕು. ಹಾಗಾದರೆ ಹೀಗೆ ಮಾಡುತ್ತೇನೆ. ಈ ವರ್ಷ ಡ್ರೆಸ್ಡೆನ್ನಿಗೆ ಮಾತ್ರ ಅರ್ಜಿ ಹಾಕುತ್ತೇನೆ, ನಾನೇ ಬರೆದ ಎರಡು ಪುಟದೊಡನೆ. ಪ್ರವೇಶ ದೊರೆತು, ಸಾಲ ನಮ್ಮ ಶಕ್ತಿಗೆ ಮೀರದಿದ್ದರೆ ಹೊರಡುವುದು. ಮೀರಿದರೆ ಇಲ್ಲಿಯೇ ಕೆಲಸ ಹಿಡಿದು, ವಾರಕ್ಕೊಮ್ಮೆ ಕೆರೆಗೆ ಹೋಗಿ ಬಾಟಲಿ ತುಂಬಿಕೊಂಡು ಬರುವುದು, ಆಮೇಲೆ ವಿದ್ಯಾರ್ಥಿವೇತನ. ಆದರೆ ಶಿಫಾರಸು ಪತ್ರದ ತೊಡಕು ಒಂದಿದೆ. ನಮ್ಮ ಅಧ್ಯಾಪಕರೊಬ್ಬರು, ನೀನೇ ಬರೆದು ತಾ, ಸಹಿ ಮಾಡುತ್ತೇನೆ ಎಂದಿದ್ದಾರೆ.

ಹಿರಿಯರು: ಬರೆಯಬೇಡ. ಅವರಿಗೆ ಎಪ್ಪತ್ತು ವಿದ್ಯಾರ್ಥಿಗಳಿರಬಹುದು, ಸಮಯವಿಲ್ಲದಿರಬಹುದು. ಅದನ್ನು ನಾನು ಬಲ್ಲೆ, ನಾನೂ ಆ ಕುರ್ಚಿಯಲ್ಲಿ ಕುಳಿತವನೇ. ನಿನ್ನ ಪ್ರಾಜೆಕ್ಟಿನ ವರದಿಯನ್ನೂ, ಯಾವ ದಿನ ಯಾವ ಪರೀಕ್ಷೆಯನ್ನು ನೀನೇ ಕೈಯಿಂದ ಮಾಡಿದೆ, ಎಲ್ಲಿ ತಪ್ಪಿತು, ಹೇಗೆ ಸರಿಪಡಿಸಿಕೊಂಡೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದೂ ಅವರಿಗೆ ಕೊಡು. ಅದನ್ನು ಓದಿದ ಮೇಲೆ ನಾಲ್ಕು ಸಾಲನ್ನು ತಾವೇ ಬರೆಯದಿರುವಷ್ಟು ಕಠಿಣರಾದ ಮೇಷ್ಟರು ವಿರಳ. ನಾಲ್ಕೇ ಸಾಲಾದರೂ ಆಗಲಿ, ನಿನ್ನನ್ನು ಕಂಡವರು ಬರೆದದ್ದಾಗಿರಲಿ.

ವಿದ್ಯಾರ್ಥಿನಿ: ಬುಧವಾರದೊಳಗೆ ಹೊಸ ಪುಟಗಳನ್ನು ತಂದುಕೊಡಬಹುದೆ?

ಹಿರಿಯರು: ತಾ. ಮೊದಲು ಕನ್ನಡದಲ್ಲಿಯೇ ಬರೆ, ನಿನಗೆ ಗೊತ್ತಿರುವುದೇನು, ಗೊತ್ತಿಲ್ಲದ್ದೇನು ಎಂದು, ಇಂಗ್ಲಿಷು ಆಮೇಲೆ. ಜೊಂಡಿನ ಮಾತು ಮೊದಲ ಪರಿಚ್ಛೇದದಲ್ಲಿಯೇ ಬರಲಿ.

ತಂದೆ: ಆ ಎಪಿಎಸ್ ಪ್ರಮಾಣಪತ್ರಕ್ಕೆ ಎಷ್ಟಾಗುತ್ತದೆ?

ವಿದ್ಯಾರ್ಥಿನಿ: ಹದಿನೆಂಟು ಸಾವಿರ ರೂಪಾಯಿ.

ತಂದೆ: ನಾಳೆ ಬ್ಯಾಂಕು ತೆರೆದ ಕೂಡಲೆ ಕಟ್ಟೋಣ. ಅಂಕಪಟ್ಟಿಗಳ ಮೂಲಪ್ರತಿಗಳೆಲ್ಲ ಬೀರುವಿನಲ್ಲಿವೆ. ಯಾವುದಾದರೂ ಸೆಮಿಸ್ಟರಿನದು ಕಡಮೆಯಿದೆಯೋ ಈಗಲೇ ನೋಡಿಬಿಡು.